ಇಲ್ಪೊ ಪುರ್ಸಿಯಾನೆನ್ ಊರಲ್ಲಿಲ್ಲ

ಉತ್ತರದ ಚಳಿಯೂರು ಈಸಲ್ಮಿಯ ಪತ್ರಿಕೆಯಲ್ಲಿ ಸಾವಿನ ಸುದ್ದಿಗಳ ಪುಟಕ್ಕೂ ಹಳೆಯ ಟ್ರ್ಯಾಕ್ಟರುಗಳ ಜಾಹೀರಾತಿಗೂ ನಡುವೆ ಹುಟ್ಟುಹಬ್ಬಗಳ ಒಂದು ಅಂಕಣ ಬರುತ್ತದೆ. ಐವತ್ತು, ಅರವತ್ತು, ಎಪ್ಪತ್ತು ತುಂಬಿದವರ ಹೆಸರು ಅಲ್ಲಿರುತ್ತದೆ. ಹೆಸರು ಬಂದ ದಿನ ಊರಿನವರು ಯಾರು ಬೇಕಾದರೂ ಕರೆಯದೆಯೇ ಅವರ ಮನೆಗೆ ಹೋಗಬಹುದು. ಹೂವು ಕೊಟ್ಟು, ಕೈ ಕುಲುಕಿ, ಕಾಫಿ ಕುಡಿದು, ಹವಾಮಾನದ ಬಗ್ಗೆ ಒಂದೆರಡು ಮಾತಾಡಿ ಎದ್ದು ಬರಬಹುದು. ಈ ಉಪದ್ರವ ಬೇಡ ಎನ್ನುವವರಿಗೆ ಇರುವುದು ಒಂದೇ ದಾರಿ. ಹೆಸರಿನ ಪಕ್ಕದಲ್ಲಿ ‘ಪ್ರಯಾಣದಲ್ಲಿದ್ದಾರೆ’ ಎಂದು ಅಚ್ಚು ಹಾಕಿಸುವುದು. ಹಾಗೆ ಹಾಕಿಸಿದವರಲ್ಲಿ ಹೆಚ್ಚಿನವರ ಪ್ರಯಾಣ ಅವರ ಮಲಗುವ ಕೋಣೆಯಲ್ಲೇ ಮುಗಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆ ಮಾತನ್ನು ಊರಿನಲ್ಲಿ ಯಾರೂ ನಂಬುವುದಿಲ್ಲ. ಆದರೆ ಎಲ್ಲರೂ ಪಾಲಿಸುತ್ತಾರೆ.

ನಂಬುವುದಕ್ಕೂ ಪಾಲಿಸುವುದಕ್ಕೂ ಇರುವ ವ್ಯತ್ಯಾಸವನ್ನು ಇಲ್ಪೊ ಪುರ್ಸಿಯಾನೆನ್ ಆ ಗುರುವಾರದವರೆಗೆ ಯೋಚಿಸಿರಲಿಲ್ಲ.

ಇಲ್ಪೊ ಒಂಟಿ ಮನುಷ್ಯ. ಊರ ನಡುವಿನ ಬಣ್ಣದ ಅಂಗಡಿಯಲ್ಲಿ ಬೇರೆಯವರ ಮನೆಯ ಗೋಡೆಗಳಿಗೆ ಬಿಳಿ ಬಣ್ಣ ಬೆರೆಸಿಕೊಡುವುದು ಅವನ ಕೆಲಸ. ಐವತ್ತು ತುಂಬಿದಾಗ ಅವನು ಪತ್ರಿಕೆಯಲ್ಲಿ ‘ಮನೆಯಲ್ಲಿ ಕಾಫಿ ಇದೆ, ಎಲ್ಲರಿಗೂ ಸ್ವಾಗತ’ ಎಂದು ಹಾಕಿಸಿದ್ದ. ದೊಡ್ಡ ಪಾತ್ರೆಯ ತುಂಬ ಕಾಫಿ ಮಾಡಿಟ್ಟುಕೊಂಡು ಕಾದಿದ್ದ. ಬಂದವರನ್ನು ಎಣಿಸಲು ಒಂದು ಕೈಯ ಬೆರಳುಗಳೇ ಹೆಚ್ಚಾದವು. ಅವರಲ್ಲಿ ಒಬ್ಬ ನೀರಿನ ಮೀಟರು ನೋಡಲು ಬಂದವನು. ನಿಜ ಹೇಳಬೇಕೆಂದರೆ, ಎಲ್ಲರಿಗಿಂತ ಹೆಚ್ಚು ಹೊತ್ತು ಕೂತು ಹೋದವನೂ ಅವನೇ.

ಆದ್ದರಿಂದ ಅರವತ್ತು ಹತ್ತಿರ ಬಂದಾಗ ಇಲ್ಪೊ ಬಹಳ ಲೆಕ್ಕಾಚಾರ ಹಾಕಿದ. ‘ಸ್ವಾಗತ’ ಎಂದು ಹಾಕಿಸಿ ಯಾರೂ ಬಾರದಿದ್ದರೆ ಅದು ಅವಮಾನ. ‘ಪ್ರಯಾಣದಲ್ಲಿದ್ದಾರೆ’ ಎಂದು ಹಾಕಿಸಿ ಯಾರೂ ಬಾರದಿದ್ದರೆ ಅದು ಘನತೆ. ಮೇಲಾಗಿ, ನಿವೃತ್ತ ಬಸ್ ಡ್ರೈವರ್ ರೊಂಕೊ ತನ್ನ ಅರವತ್ತಕ್ಕೆ ಹಾಗೆಯೇ ಹಾಕಿಸಿದ್ದ. ಅವನು ನಿಜವಾಗಿಯೂ ಕ್ಯಾನರಿ ದ್ವೀಪಗಳಿಗೆ ಹೋಗಿ, ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿಸಿಕೊಂಡು ಬಂದು, ಆರು ತಿಂಗಳು ಅದನ್ನೇ ಊರಿಗೆಲ್ಲ ತೋರಿಸಿದ್ದ. ರೊಂಕೊಗೆ ಒಪ್ಪುವ ಪದ ತನಗೇಕೆ ಒಪ್ಪಬಾರದು?

ಇಷ್ಟಕ್ಕೇ ನಿಲ್ಲಿಸಿದ್ದರೆ ಅವನನ್ನು ಜಾಣ ಎನ್ನಬಹುದಿತ್ತು. ಆದರೆ ನಿಜವಾಗಿ ತನ್ನನ್ನು ಬೇಕೆನ್ನುವವರು ಪತ್ರಿಕೆಯ ಮಾತು ಕೇಳದೆ ಬಂದೇ ಬರುತ್ತಾರೆ ಎಂಬ ಇನ್ನೊಂದು ಯೋಚನೆಯೂ ಅವನ ತಲೆಯ ಮೂಲೆಯಲ್ಲಿ ಕೂತಿತ್ತು. ಆ ಯೋಚನೆಯ ಮಾತು ಕೇಳಿ ಅವನು ಬೇಕರಿಯಲ್ಲಿ ಇಪ್ಪತ್ತು ಜನಕ್ಕಾಗುವ ಖಾರದ ಕೇಕು ಹೇಳಿದ. ಬ್ರೆಡ್ಡಿನ ಪದರಗಳ ನಡುವೆ ಸಾಲ್ಮನ್ ಮೀನು ತುಂಬಿ, ಮೇಲೆ ಸೌತೆಕಾಯಿ ಬಿಲ್ಲೆಗಳನ್ನು ಜೋಡಿಸಿದ ಆ ಕೇಕು ಬುಧವಾರ ಸಂಜೆಯೇ ಮನೆಗೆ ಬಂತು.

ಗುರುವಾರ ಬೆಳಗ್ಗೆ ಸೂಟು ಹಾಕಿಕೊಂಡು, ಕಪ್ಪುಗಳನ್ನು ಸಾಲಾಗಿ ಇಟ್ಟು, ಇಲ್ಪೊ ಬಾಗಿಲಿಗೆ ಮುಖ ಮಾಡಿ ಕೂತ. ಹೊರಗೆ ಮೇ ತಿಂಗಳ ಹಿಮ ನೀರಾಗುತ್ತ ಬೀಳುತ್ತಿತ್ತು. ಒಂಬತ್ತಾಯಿತು, ಹತ್ತಾಯಿತು. ಬಾಗಿಲಿನ ಗಂಟೆಯನ್ನು ಯಾರೂ ಬಾರಿಸಲಿಲ್ಲ. ಆಮೇಲೆ ಗಂಟೆ ಬಾರಿಸದೆಯೇ ಬಾಗಿಲಿನ ಬೀಗ ತಿರುಗಿತು.

ಒಳಗೆ ಬಂದವರು ಎದುರು ಮನೆಯ ಅನೆಲಿ ತುವೊವಿನೆನ್. ತುರ್ತಿಗೆ ಇರಲೆಂದು ಇಲ್ಪೊನೇ ಅವರ ಬಳಿ ಇನ್ನೊಂದು ಬೀಗದ ಕೈ ಕೊಟ್ಟಿದ್ದ. ಅವರ ಕೈಯಲ್ಲಿ ಹೂಗಿಡಗಳಿಗೆ ನೀರು ಹಾಕುವ ಡಬ್ಬಿ ಇತ್ತು.

“ಬನ್ನಿ ಬನ್ನಿ, ಅನೆಲಿಯವರೆ!” ಇಲ್ಪೊ ಕುರ್ಚಿ ಹಿಂದೆ ತಳ್ಳಿ ಎದ್ದ.

ಅನೆಲಿಯವರ ಕೈಯಿಂದ ಡಬ್ಬಿ ಬೀಳುವುದರಲ್ಲಿತ್ತು. ಅವರ ಮುಖ ಬಿಳಿಚಿತು, ಕೆಂಪಾಯಿತು. ಕೊನೆಗೆ ಅದರ ಮೇಲೆ ಒಂದು ಸಭ್ಯತೆ ಬಂದು ಕೂತಿತು. ಅವರ ಕಣ್ಣು ಇಲ್ಪೊನ ಸೂಟು, ಇಪ್ಪತ್ತು ಕಪ್ಪು, ಕೇಕು ಎಲ್ಲವನ್ನೂ ದಾಟಿ ಕಿಟಕಿಯ ಬಳಿಯ ಗಿಡದ ಮೇಲೆ ನಿಂತಿತು.

“ಅಯ್ಯೋ, ಬಾಡೇ ಹೋಗಿದ್ದೀಯಲ್ಲೇ ನನ್ನ ಕಂದ,” ಎಂದರು ಗಿಡಕ್ಕೆ. “ಯಜಮಾನ್ರು ಪ್ರಯಾಣ ಹೋದ್ರೆ ನಿನ್ನ ನೋಡ್ಕೊಳ್ಳೋರು ಯಾರು? ಅವ್ರೋ ಎಲ್ಲೋ ಮರಳ ಮೇಲೆ ಕಾಲು ಚಾಚ್ಕೊಂಡು ಬಿದ್ದಿರ್ತಾರೆ.”

“ಅನೆಲಿಯವರೆ, ನಾನಿಲ್ಲೇ ಇದ್ದೀನಿ. ಒಂದು ಕಪ್ಪು ಕಾಫಿ...”

“ಸುಖವಾಗಿರ್ಲಿ ಪಾಪ,” ಎಂದರು ಅವರು, ಗಿಡಕ್ಕೆ ಇನ್ನೂ ಗಟ್ಟಿಯಾಗಿ. “ಅರವತ್ತು ಅಂದ್ರೆ ಸುಮ್ನೆನಾ? ನಾನಂತೂ ಯಾರಿಗೂ ಏನೂ ಹೇಳೋಳಲ್ಲ. ಪರದೆ ಒಂದು ಎಳೆದುಬಿಟ್ರೆ ಹೊರಗಿನೋರಿಗೂ ಏನೂ ಕಾಣ್ಸಲ್ಲ.”

ಪರದೆ ಎಳೆದರು. ಕೋಣೆ ಕತ್ತಲಾಯಿತು. ಹೋಗುವಾಗ ದೀಪದ ಗುಂಡಿಯ ಮೇಲೆ ಕೈ ಇಟ್ಟು, ಯೋಚಿಸಿ, ಅದನ್ನೂ ಆರಿಸಿದರು. ಹೊರಗಿನಿಂದ ಬೀಗ ಹಾಕಿದ ಸದ್ದು ಕೇಳಿತು. ಇಲ್ಪೊ ಕತ್ತಲಲ್ಲಿ ಸೂಟು ಹಾಕಿಕೊಂಡು ನಿಂತಿದ್ದ. ಮನೆಯಲ್ಲಿ ಯಾರೂ ಇಲ್ಲ ಎಂದು ಅವನಿಗೂ ಒಂದು ಕ್ಷಣ ಅನ್ನಿಸಿತು.

ಇದು ಬರೀ ಕೇಕಿನ ಪ್ರಶ್ನೆಯಾಗಿದ್ದರೆ ಅವನು ಅಲ್ಲೇ ಕೂತು ತಿಂದು ಮುಗಿಸುತ್ತಿದ್ದ. ಆದರೆ ಆ ದಿನ ಎರಡು ಗಂಟೆಗೆ ಸಂತೆಚೌಕದ ಕಾಫಿ ಡೇರೆಯಲ್ಲಿ ಕುರ್ಚಿಯ ತೀರ್ಮಾನವಿತ್ತು.

ಆ ಡೇರೆಯಲ್ಲಿ ಒಂದು ದುಂಡು ಮೇಜು, ಸುತ್ತ ಏಳು ಕುರ್ಚಿ. ದಿನಾ ಅದೇ ಏಳು ಜನ ಕೂತು ನಗರಸಭೆಯಿಂದ ಹಿಡಿದು ರಷ್ಯಾದವರೆಗೆ ಎಲ್ಲರನ್ನೂ ಬೈಯುತ್ತಾರೆ. ಮೇಜಿನ ಯಜಮಾನಿಕೆ ನಿವೃತ್ತ ಅಗ್ನಿಶಾಮಕ ಅಧಿಕಾರಿ ಹುಕ್ಕಾನೆನ್ ಅವರದು. ಪಕ್ಕದಲ್ಲಿ, ಕಸದ ಡಬ್ಬಿಗೆ ತಾಗಿದಂತೆ ಒಂದು ಬೆಂಚು. ಇಲ್ಪೊ ಆರು ವರ್ಷಗಳಿಂದ ಊಟದ ಬಿಡುವಿನಲ್ಲಿ ಆ ಬೆಂಚಿನ ಮೇಲೆ ಕೂತು, ಮೇಜಿನವರ ನಗೆಮಾತುಗಳಿಗೆ ತುಸು ತಡವಾಗಿ ನಗುತ್ತ ಬಂದಿದ್ದ. ಫೆಬ್ರವರಿಯಲ್ಲಿ ಏಳರಲ್ಲಿ ಒಬ್ಬರಾದ ಮುದುಕ ಪೆಂಟಿಕಾಯ್ನೆನ್ ತೀರಿಕೊಂಡರು. ಇಲ್ಪೊ ಶವಸಂಸ್ಕಾರಕ್ಕೆ ಹೋಗಿ ಎಲ್ಲರಿಗಿಂತ ಹೆಚ್ಚು ಅತ್ತ. ಅಳುವಿನಲ್ಲಿ ಕುರ್ಚಿಯ ಪಾಲೂ ಸ್ವಲ್ಪ ಇತ್ತು ಎಂದರೆ ಅವನಿಗೆ ಅನ್ಯಾಯ ಮಾಡಿದಂತಾಗಲಾರದು.

ಹೋದ ವಾರ ಹುಕ್ಕಾನೆನ್ ಬೆಂಚಿನ ಕಡೆ ತಿರುಗಿ, “ಗುರುವಾರ ಕುರ್ಚಿ ವಿಷ್ಯ ಮುಗಿಸ್ತೀವಿ ಕಣಯ್ಯಾ. ನೀನಿರ್ತೀಯಾ?” ಎಂದಿದ್ದರು.

“ಇದ್ರೂ ಇರಬಹುದು, ಇಲ್ದೇನೂ ಇರಬಹುದು,” ಎಂದಿದ್ದ ಇಲ್ಪೊ.

ಈಸಲ್ಮಿಯಲ್ಲಿ ಇದಕ್ಕಿಂತ ಗಟ್ಟಿಯಾದ ಒಪ್ಪಿಗೆ ಇಲ್ಲ. ಆದರೆ ಈಗ ಅದರ ಮೇಲೆ ಪತ್ರಿಕೆ ಬಂದು ಬಿದ್ದಿತ್ತು.

ಹೇಗಾದರೂ ಮಾಡಿ ಎರಡು ಗಂಟೆಯೊಳಗೆ ಊರಿನವರ ಕಣ್ಣಿಗೆ ಬಿದ್ದು, ತಾನು ಊರಲ್ಲೇ ಇದ್ದೇನೆ ಎಂಬ ಸುದ್ದಿ ತನಗಿಂತ ಮೊದಲು ಡೇರೆ ಮುಟ್ಟುವಂತೆ ಮಾಡಬೇಕು ಎಂದುಕೊಂಡು ಇಲ್ಪೊ ಒಳಗಿನಿಂದ ಬೀಗ ತೆಗೆದು ಹೊರಬಿದ್ದ. ದಿನಾ ನಡೆಯುವ ಅಂಗಡಿ ಬೀದಿ. ಕನ್ನಡಕದಂಗಡಿಯವನು ಇವನನ್ನು ಕಂಡು ಗಾಜು ಒರೆಸತೊಡಗಿದ. ಗಾಜು ಮೊದಲೇ ಶುಭ್ರವಾಗಿತ್ತು. ಹೂವಿನಂಗಡಿಯಾಕೆ ಬಕೆಟ್ಟಿನೊಳಗೆ ಮುಖ ಹಾಕಿದಳು. ಹಳೇ ಸಾಮಾನಿನಂಗಡಿಯವನು ದಿನಾ ಬೆಳಗ್ಗೆ ಒಂದು ತಲೆಯಾಡಿಕೆ ದಾನ ಮಾಡುತ್ತಿದ್ದವನು, ಇಂದು ಆಕಾಶ ನೋಡಿದ. ಇಲ್ಪೊ ಕೆಲಸ ಮಾಡುವ ಬಣ್ಣದಂಗಡಿಯ ಮುಂದೆ ಅವನ ಯಜಮಾನ ಪ್ರದರ್ಶನಕ್ಕಿಟ್ಟ ಏಣಿಯ ಮೇಲಿದ್ದ. ಇವನನ್ನು ನೋಡಿದ್ದೇ ಅವಸರವಾಗಿ ಇಳಿದು ಡಬ್ಬಿಗಳ ಹಿಂದೆ ಕೂತ. ಇಲ್ಪೊ ಬಗ್ಗಿ ನೋಡಿದ. ಯಜಮಾನ ಇನ್ನೂ ಬಗ್ಗಿದ.

ಬೇಕರಿಗೆ ಹೋದ. ಅಲ್ಲಿನ ರೈಲಿ ಕೇಕು ಮಾಡಿಕೊಟ್ಟವಳು, ಅವಳಾದರೂ ಸುಳ್ಳಾಡಲಾರಳು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಇಲ್ಪೊನ ಸರದಿ ಬಂದಾಗ ರೈಲಿ ಅವನ ಹಿಂದೆ ನಿಂತಿದ್ದ ಹೆಂಗಸಿಗೆ “ಏನು ಬೇಕಿತ್ತು?” ಎಂದಳು. ಆ ಹೆಂಗಸು ಒಂದಿಷ್ಟೂ ಅಳುಕದೆ ಇವನ ಭುಜದ ಮೇಲಿಂದ ಕೈ ಚಾಚಿ ಬ್ರೆಡ್ಡು ತೆಗೆದುಕೊಂಡಳು. ಎಲ್ಲರೂ ಹೋದ ಮೇಲೆ ರೈಲಿ ಬಾಗಿಲಿಗೆ ಚಿಲಕ ಹಾಕಿ ಅವನ ತೋಳು ಹಿಡಿದಳು.

“ಏನು ಇಲ್ಪೊ ಇದು? ಹಗಲು ಹೊತ್ತಿನಲ್ಲಿ ಹೀಗೆ ಬೀದಿ ಸುತ್ತೋದಾ?”

“ನನಗೆ ಅರವತ್ತಾಯ್ತು, ರೈಲಿ.”

“ಗೊತ್ತು. ಇಡೀ ಊರಿಗೆ ಗೊತ್ತು. ನೀನು ಊರಲ್ಲಿಲ್ಲ ಅಂತಾನೂ ಗೊತ್ತು. ಜನ ನಿನ್ನ ಮಾನ ಉಳಿಸೋಕೆ ಬೆಳಗ್ಗಿಂದ ಎಷ್ಟು ಒದ್ದಾಡ್ತಿದ್ದಾರೆ, ನೀನು ಒಂದೊಂದೇ ಅಂಗಡಿ ಮುಂದೆ ಹೋಗಿ ನಿಂತ್ಕೊಳ್ತೀಯಲ್ಲ!”

“ನೋಡಿದ್ರೆ ನೋಡ್ಲಿ ಅಂತಾನೇ ಬಂದೆ.”

“ನೋಡಿಬಿಟ್ರೆ ಆಮೇಲೆ ನೀನು ಸುಳ್ಳು ಹೇಳ್ದೆ ಅಂತ ಆಗಲ್ವಾ? ಪತ್ರಿಕೇಲಿ, ಅಚ್ಚಿನಲ್ಲಿ? ಅಷ್ಟು ಕೆಟ್ಟ ಮನಸ್ಸು ಈ ಊರಲ್ಲಿ ಯಾರಿಗೂ ಇಲ್ಲ ಕಣೋ.” ಅವಳು ದನಿ ತಗ್ಗಿಸಿದಳು. “ಕೇಕಿನ ವಿಷ್ಯ ನನ್ನ ಗಂಡನಿಗೂ ಹೇಳಿಲ್ಲ. ಇಪ್ಪತ್ತು ಜನದ ಕೇಕು, ಒಬ್ಬನೇ, ಬಾಗ್ಲು ಹಾಕ್ಕೊಂಡು... ಪರವಾಗಿಲ್ಲ. ಎಲ್ರಿಗೂ ಏನಾದ್ರೂ ಒಂದು ಇರತ್ತೆ. ಹಿಂದಿನ ಬಾಗ್ಲಿಂದ ಹೋಗು.”

ಹಿಂದಿನ ಬಾಗಿಲು ತೆರೆದದ್ದು ಔಷಧಿ ಅಂಗಡಿಯ ಪಕ್ಕದ ಓಣಿಗೆ. ರಕ್ತದೊತ್ತಡದ ಮಾತ್ರೆ ಮುಗಿದಿತ್ತು. ಆ ಬೆಳಗ್ಗೆ ಅದರ ಅಗತ್ಯವೂ ಹೆಚ್ಚಿತ್ತು. ಅಲ್ಲಿ ಗುರುತಿನ ಕಾರ್ಡು ನೋಡದೆ ಮಾತ್ರೆ ಕೊಡುವುದಿಲ್ಲ. ಕಾರ್ಡಿನಲ್ಲಿ ಫೋಟೋ ಇದೆ. ಸರ್ಕಾರವೇ ಕೊಟ್ಟ ಫೋಟೋವನ್ನು ಯಾರು ಅಲ್ಲಗಳೆಯುತ್ತಾರೆ? ಇಲ್ಪೊಗೆ ಸ್ವಲ್ಪ ಧೈರ್ಯ ಬಂತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಯಂತ್ರದಿಂದ ಸರದಿಯ ಚೀಟಿ ಹರಿದುಕೊಂಡು, ತನ್ನ ಸಂಖ್ಯೆ ಗೋಡೆಯ ಮೇಲೆ ಹೊಳೆಯುವವರೆಗೆ ಕಾದ.

ಬಿಳಿ ಕೋಟಿನ ಹೆಂಗಸು ಕಾರ್ಡು ನೋಡಿದಳು. ಕೌಂಟರಿನ ಮೇಲೆ ಬಿಡಿಸಿಟ್ಟಿದ್ದ ಪತ್ರಿಕೆ ನೋಡಿದಳು. ಕಾರ್ಡನ್ನು ಮತ್ತೊಮ್ಮೆ ನೋಡಿ, ಕುತ್ತಿಗೆಯವರೆಗೆ ಕೆಂಪಾದಳು.

“ಪುರ್ಸಿಯಾನೆನ್ ಅವರು...” ಎಂದಳು ಎಚ್ಚರಿಕೆಯಿಂದ, “ಊರಲ್ಲಿಲ್ಲ ಅಲ್ವಾ?”

“ನಾನೇ ಪುರ್ಸಿಯಾನೆನ್. ಫೋಟೋ ನೋಡಿ.”

“ಹೋಲಿಕೆ ಇದೆ,” ಎಂದಳು ಅವಳು. ಅವಳಿಗೆ ಅಳು ಬರುವಂತಿತ್ತು. “ಅವರ ಪರವಾಗಿ ತಗೊಂಡು ಹೋಗ್ತಿದ್ದೀರಿ ಅಂತ ಬರ್ಕೊಳ್ಳಲಾ? ಆಗ ಯಾರಿಗೂ ತೊಂದ್ರೆ ಇರಲ್ಲ.”

“ಅವನೂ ನಾನೂ ಒಬ್ಬನೇ ಅಮ್ಮಾ!”

“ಅಷ್ಟು ಹತ್ತಿರದವರಾ? ಹಾಗಾದ್ರೆ ಒಳ್ಳೇದೇ ಆಯ್ತು.” ಅವಳು ಮಾತ್ರೆಯ ಪೊಟ್ಟಣವನ್ನು ಎರಡೂ ಕೈಯಿಂದ ಮುಂದೆ ತಳ್ಳಿದಳು. “ವಾಪಸ್ ಬಂದ ಮೇಲೆ ನಮ್ಮ ಅಂಗಡಿಯವರೆಲ್ಲ ಶುಭಾಶಯ ಹೇಳಿದ್ರು ಅಂತ ತಿಳಿಸಿ. ಬಿಸಿಲಲ್ಲಿ ಟೋಪಿ ಹಾಕ್ಕೊಳ್ಳೋಕೆ ಹೇಳಿ.”

ತನ್ನದೇ ಮಾತ್ರೆಯನ್ನು ತನ್ನದೇ ಪರವಾಗಿ ಪಡೆದುಕೊಂಡು ಇಲ್ಪೊ ಸಂತೆಚೌಕದ ಕಡೆ ನಡೆದ. ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಪಾಪ, ಎಲ್ಲರೂ ಎಷ್ಟು ಒಳ್ಳೆಯವರು ಎಂದುಕೊಂಡ. ಕಲ್ಲು ಹೊಡೆದಿದ್ದರೆ ಕನಿಷ್ಠ ಗುರಿಯಾದರೂ ಇಡುತ್ತಿದ್ದರು.

ಡೇರೆಯಲ್ಲಿ ಮೇಜಿನ ಆರು ಜನವೂ ಇದ್ದರು. ರೊಂಕೊ ತನ್ನ ಕೆಂಪು ಉಣ್ಣೆ ಟೋಪಿಯಲ್ಲಿ ಕಂಬಕ್ಕೆ ಒರಗಿ ನಿಂತಿದ್ದ. ಅವನೂ ಕುರ್ಚಿಯ ಉಮೇದುವಾರ. ಇಲ್ಪೊ ಡೇರೆಯೊಳಗೆ ಕಾಲಿಟ್ಟಾಗ ಮಾತು ಕತ್ತರಿಸಿದಂತೆ ನಿಂತಿತು. ಆರು ಜೊತೆ ಕಣ್ಣುಗಳು ಆರು ಕಾಫಿ ಕಪ್ಪುಗಳಿಗೆ ಇಳಿದವು. ಡೇರೆಯ ಯಜಮಾನಿ ತೂಲಿಕ್ಕಿ ಕಾಫಿ ಬಗ್ಗಿಸಿ, ಅವನ ಕೈಗೆ ಕೊಡದೆ, ಗಾಳಿ ಬಂದು ಕುಡಿದುಕೊಳ್ಳಲಿ ಎಂಬಂತೆ ಹಲಗೆಯ ಅಂಚಿಗಿಟ್ಟಳು. ಅವನು ಅದನ್ನು ಎತ್ತಿಕೊಂಡು ಬೆಂಚಿನ ಮೇಲೆ ಕೂತ.

“ಸರಿ, ಶುರು ಮಾಡೋಣ,” ಎಂದರು ಹುಕ್ಕಾನೆನ್, ಗಂಟಲು ಸರಿಮಾಡಿಕೊಂಡು. “ಪೆಂಟಿಕಾಯ್ನೆನ್ ಕುರ್ಚಿ. ರೊಂಕೊ ಇಲ್ಲೇ ಇದ್ದಾನೆ. ಇಲ್ಪೊ... ಇಲ್ಪೊ ಪ್ರಯಾಣದಲ್ಲಿದ್ದಾನೆ.”

“ಪ್ರಯಾಣದಲ್ಲಿದ್ದಾನೆ,” ಎಂದು ಎಲ್ಲರೂ ತಲೆಯಾಡಿಸಿದರು.

“ಇದ್ರೇನಂತೆ?” ಎಂದ ಹಿಂದೆ ಹಾಲಿನ ಡೈರಿಯಲ್ಲಿ ಕೆಲಸಕ್ಕಿದ್ದ ವಾತಾಯ್ನೆನ್. “ಎಷ್ಟು ವರ್ಷದಿಂದ ಆ ಬೆಂಚಿನ ಮೇಲೆ ಕೂತಿದ್ದಾನೆ! ಕಸದ ಡಬ್ಬಿ ವಾಸನೆ ಕುಡ್ಕೊಂಡು! ಒಂದಿನ ಗೊಣಗಿಲ್ಲ.”

ಇಲ್ಪೊ ಕಪ್ಪನ್ನು ಬೆಂಚಿನ ಮೇಲಿಟ್ಟ. ತನ್ನ ಬಗ್ಗೆ ಯಾರೂ ಇಷ್ಟುದ್ದ ಮಾತಾಡಿದ್ದನ್ನು ಅವನು ಹಿಂದೆ ಕೇಳಿರಲಿಲ್ಲ.

“ಅದೇ ನಾನೂ ಹೇಳೋದು,” ಎಂದ ಇನ್ನೊಬ್ಬ. “ಗೊಣಗೋ ಸ್ವಭಾವವೇ ಅಲ್ಲ ಅವನದು. ಕುರ್ಚಿ ಸಿಗದಿದ್ರೂ ಬೇಜಾರು ಮಾಡ್ಕೊಳ್ಳಲ್ಲ. ರೊಂಕೊಗೆ ಸಿಗದಿದ್ರೆ ವರ್ಷಪೂರ್ತಿ ಕೇಳ್ಬೇಕು ನಾವು.”

“ಹೌದು, ಕೇಳ್ಬೇಕಾಗತ್ತೆ,” ಎಂದ ರೊಂಕೊ ಪ್ರಾಮಾಣಿಕವಾಗಿ.

“ಒಳ್ಳೇ ಮನುಷ್ಯ ಇಲ್ಪೊ,” ಎಂದ ಮೂರನೆಯವನು. “ಒಳ್ಳೇ ಮನುಷ್ಯ ಅನ್ನೋದು ಬಿಟ್ರೆ ಇನ್ನೇನೂ ನೆನಪಾಗ್ತಿಲ್ಲ ನಂಗೆ.”

ಸ್ವಲ್ಪ ಹೊತ್ತು ಎಲ್ಲರೂ ನೆನಪು ಮಾಡಿಕೊಳ್ಳಲು ಯತ್ನಿಸಿದರು. ಡೇರೆಯ ಬಟ್ಟೆ ಗಾಳಿಗೆ ಪಟಪಟ ಎಂದಿತು.

“ಬಿಳಿ ಬಣ್ಣ ಚೆನ್ನಾಗಿ ಬೆರೆಸ್ತಾನೆ,” ಎಂದಳು ತೂಲಿಕ್ಕಿ ಕೊನೆಗೆ.

ಕೈ ಎತ್ತಿಸಿದರು. ಮೂರು ರೊಂಕೊಗೆ, ಮೂರು ಇಲ್ಪೊಗೆ. ಇಲ್ಪೊ ಎತ್ತಿದ ಕೈಗಳನ್ನು ಮತ್ತೊಮ್ಮೆ ಎಣಿಸಿದ. ಮೂರು! ಅವನಿಗೆ ಮೂರು ಜನ ಇದ್ದರು. ಒಂದೇ ಒಂದು ಕೈ ಬೇಕಿತ್ತು.

ಹುಕ್ಕಾನೆನ್ ಬಹಳ ಹೊತ್ತು ಗಡ್ಡ ಕೆರೆದುಕೊಂಡರು. ಬೆಂಕಿ ಬಿದ್ದ ಮನೆಗಳೊಳಗೆ ನುಗ್ಗಿದ ಮನುಷ್ಯ ಅವರು. ಆದರೆ ಸಭ್ಯತೆಗೆ ಬೆಂಕಿ ಬಿದ್ದಾಗ ಏನು ಮಾಡಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಕೊನೆಗೆ ಅವರು ಎದ್ದು, ಬೆಂಚಿನ ಕಡೆ ತಿರುಗಿ, ಟೋಪಿ ತೆಗೆದರು.

“ಕ್ಷಮಿಸ್ಬೇಕು ಸ್ವಾಮಿ. ನೀವು ಬೇರೆ ಊರಿನವರು ಅನ್ಸತ್ತೆ.”

ಇಷ್ಟು ವರ್ಷಗಳಲ್ಲಿ ಹುಕ್ಕಾನೆನ್ ಅವನಿಗೆ ಟೋಪಿ ತೆಗೆದದ್ದು ಇದೇ ಮೊದಲು.

“ನಮ್ಮಲ್ಲಿ ಸಮಸಮ ಆಗಿಬಿಟ್ಟಿದೆ. ಇಬ್ಬರ ಪರಿಚಯವೂ ಇಲ್ಲದ ಒಬ್ಬರು ಹೇಳಿದ್ರೆ ನಾವೆಲ್ಲ ಒಪ್ಕೋತೀವಿ. ಒಬ್ಬ ಇಲ್ಲಿ ನಿಂತಿದ್ದಾನೆ. ಇನ್ನೊಬ್ಬ ಊರಲ್ಲಿಲ್ಲ. ಯಾರಿಗೆ ಕೊಡೋಣ ಹೇಳಿ.”

ಇಲ್ಪೊ ಬಾಯಿ ತೆರೆದ. ‘ನಾನೇ ಕಣ್ರೋ ಇಲ್ಪೊ’ ಎಂಬ ಮಾತು ನಾಲಿಗೆಯ ಮೇಲೇ ಇತ್ತು. ಒಂದು ಉಸಿರಿನಷ್ಟು ದೂರ. ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಆಗ ಮೊದಲ ಬಾರಿಗೆ ಅವರೂ ಅವನನ್ನು ನೇರವಾಗಿ ನೋಡಿದರು. ಆರು ಮುಖಗಳಲ್ಲೂ ಒಂದೇ ಬೇಡಿಕೆ. ದಯವಿಟ್ಟು ಹೇಳಬೇಡ. ನೀನು ಹೇಳಿದರೆ ಬೆಳಗ್ಗಿನಿಂದ ನಾವು ಕುರುಡರಾಗಿದ್ದೆವು ಎಂದಾಗುತ್ತದೆ. ನೀನು ಸುಳ್ಳುಗಾರ ಎಂದಾಗುತ್ತದೆ. ಆಮೇಲೆ ಈ ಮೇಜಿನಲ್ಲಿ ಯಾರೂ ಯಾರ ಮುಖವನ್ನೂ ನೋಡುವಂತಿಲ್ಲ. ಅವನ ಪರ ಕೈ ಎತ್ತಿದ್ದ ವಾತಾಯ್ನೆನ್ ಮುಖದಲ್ಲಿ ಆ ಬೇಡಿಕೆ ಎಲ್ಲರಿಗಿಂತ ಹೆಚ್ಚಾಗಿತ್ತು.

ಊರಲ್ಲಿಲ್ಲದವನ ಹೆಸರು ಬೇರೆ ಊರಿನವನಿಗೆ ಗೊತ್ತಿರುವುದಾದರೂ ಹೇಗೆ?

“ಆ ಕೆಂಪು ಟೋಪಿಯವರಿಗೆ,” ಎಂದ ಇಲ್ಪೊ. “ಅವರ ಹೆಸರು ಗೊತ್ತಿಲ್ಲ ನಂಗೆ.”

ಡೇರೆಯೇ ಉಸಿರು ಬಿಟ್ಟಿತು. ರೊಂಕೊ ಹೋಗಿ ಕುರ್ಚಿಯಲ್ಲಿ ಕೂತು ಅದರ ಕಾಲು ಗಟ್ಟಿಯಾಗಿದೆಯೇ ಎಂದು ಅಲ್ಲಾಡಿಸಿ ನೋಡಿದ. ಹುಕ್ಕಾನೆನ್ ಇಲ್ಪೊನ ಕೈ ಕುಲುಕಿದರು. “ಹೊರಗಿನವರಿಗೆ ಪಕ್ಷಪಾತ ಇರಲ್ಲ ನೋಡಿ,” ಎಂದರು ಮೇಜಿನವರಿಗೆ. ತೂಲಿಕ್ಕಿ ಏಲಕ್ಕಿ ಹಾಕಿದ ಬನ್ನನ್ನು ಕಾಗದದಲ್ಲಿ ಸುತ್ತಿ ತಂದುಕೊಟ್ಟು, “ಇದು ನಮ್ಮ ಕಡೆಯಿಂದ. ಬೇಸಿಗೆಯಲ್ಲಿ ಬನ್ನಿ, ನಮ್ಮೂರ ಕೆರೆ ಆಗ ಚೆನ್ನಾಗಿರತ್ತೆ,” ಎಂದಳು.

ಮುಂದಿನ ಏಳು ದಿನ ಇಲ್ಪೊ ರಜೆ ಹಾಕಿ, ಪರದೆ ಎಳೆದುಕೊಂಡು, ಪ್ರಯಾಣ ಮಾಡಿದ. ಅನೆಲಿಯವರು ದಿನ ಬಿಟ್ಟು ದಿನ ಬಂದು ಗಿಡಕ್ಕೆ ನೀರು ಹಾಕಿ ಹೋದರು. ಅವರು ಬಂದಾಗ ಅವನು ಸ್ನಾನದ ಕೋಣೆಗೆ ಹೋಗಿ ನಿಲ್ಲುವುದನ್ನು ಕಲಿತ.

ಎಂಟನೆಯ ದಿನ ಡೇರೆಗೆ ಬಂದಾಗ ಜಾತ್ರೆಯಂಥ ಗದ್ದಲ.

“ಬಂದ್ಯಾ ಮಾರಾಯ! ಎಲ್ಲಿ ಹೋಗ್ಬಿಟ್ಟಿದ್ದೆ?” ಎಂದು ಹುಕ್ಕಾನೆನ್ ಬೆನ್ನು ತಟ್ಟಿದರು. “ಅರವತ್ತು ತುಂಬ್ತು ಅಂತ ಪೇಪರ್‌ನಲ್ಲಿ ನೋಡಿದ್ವಿ. ನೂರಾಗ್ಲಿ!”

ವಾತಾಯ್ನೆನ್ ಅವನನ್ನು ಬೆಂಚಿನ ಬಳಿಗೆ ಎಳೆದುಕೊಂಡು ಹೋಗಿ, ತಾನೂ ಅದರ ತುದಿಯಲ್ಲಿ ಕೂತ. “ನಾನು ನಿನ್ನ ಪರವಾಗಿ ಕೈ ಎತ್ದೆ ಕಣಯ್ಯ. ಮೂರು ಜನ ಇದ್ವಿ. ನೀನೊಬ್ಬ ಊರಲ್ಲಿದ್ದಿದ್ರೆ ಆ ಕುರ್ಚಿ ನಿಂದೇ. ಯಾರೋ ಹೊರಗಿನೋನು ಬಂದು ಎಲ್ಲ ಕೆಡಿಸಿಬಿಟ್ಟ.”

“ಯಾರು ಅವನು?” ಎಂದ ಇಲ್ಪೊ.

“ಯಾರಿಗ್ಗೊತ್ತು? ಕೂತ, ಬನ್ನು ತಿಂದ, ಹೋದ. ಎಂಥೆಂಥವರು ಬರ್ತಾರೋ ಈ ಊರಿಗೆ.”

ಅಷ್ಟರಲ್ಲಿ ಪೆಂಟಿಕಾಯ್ನೆನ್ ಕುರ್ಚಿಯಿಂದ ರೊಂಕೊ ತಿರುಗಿ ಕೂಗಿದ. “ಪ್ರಯಾಣ ಹೇಗಾಯ್ತು ಹೇಳೋ! ನಾನು ಹೋಗಿದ್ದಾಗ ಹೆಜ್ಜೆಗೊಬ್ಬ ಈಸಲ್ಮಿಯವನು ಸಿಕ್ಕಿದ್ದ. ನಿಂಗೆ ಗುರುತಿನೋರು ಯಾರಾದ್ರೂ ಸಿಕ್ಕಿದ್ರಾ?”

ಎಲ್ಲರೂ ಅವನ ಕಡೆ ನೋಡಿದರು. ಪ್ರೀತಿಯಿಂದಲೇ ನೋಡಿದರು. ಇಲ್ಪೊ ಕಾಫಿಯನ್ನು ಊದಿದ, ಒಂದು ಗುಟುಕು ಕುಡಿದ.

“ಇಲ್ಲ,” ಎಂದ. “ಬಹಳ ನಡೆದೆ. ಗುರುತಿನೋರು ಒಬ್ರೂ ಸಿಗ್ಲಿಲ್ಲ.”